ನದಿ ದಾಟಿದ ಕಥೆ, ಭಾಗ 4: ಹಳೇ ಸೇತುವೆ ಮ್ಯಾಲೆ ಎದೆ ಡವಡವ

ಗಂಗಾವತಿಯಿಂದ ಕಂಪ್ಲಿಗೆ ಹೊರಟರೆ ಚಿಕ್ಕಜಂತಕಲ್ ದಾಟಿದ ಮೇಲೆ ಸೇತುವೆ ಬರುತ್ತದೆ. ಅಲ್ಲಿ ಸ್ಟೇರಿಂಗ್ ಹಿಡಿದ ಕೈ ತಾನಾಗೇ ಬಿಗಿ ಆಗುತ್ತದೆ. ನಿಮ್ಮದೂ ಆಗಿರಬೇಕು, ಸುಳ್ಳು ಹೇಳಬ್ಯಾಡ್ರಿ. ಎದುರಿಗೆ ಭತ್ತದ ಲಾರಿ ಬಂದರೆ ಕಾಲ ಕೆಳಗಿನ ರಸ್ತೆ ಸಣ್ಣಗೆ ನಡುಗುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆಯವರಿಗಂತೂ ಇದು ಇನ್ನೂ ಹೊಸದು. ಮಳೆ ಬಂದಾಗಷ್ಟೇ ತುಂಬುವ ಹಳ್ಳ ನೋಡಿ ಬೆಳೆದವರು ಅವರು, ತುಂಗಭದ್ರೆಯ ಅಗಲ ನೋಡಿದರೇ ಸುಮ್ಮನಾಗ್ತಾರ.

ಬೇರೆ ಊರಿನವರು ಎತ್ತರದ ಸೇತುವೆಗೆ ಹೆದರುತ್ತಾರೆ. ನಮ್ಮದು ತಗ್ಗಿನ ಸೇತುವೆ. ಮೇಲೆ ಮುನಿರಾಬಾದಿನ ಹತ್ತಿರ ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟರೆ ಸೇತುವೆಯೇ ಮುಳುಗುತ್ತದೆ. 2019ರ ಆಗಸ್ಟ್‌ನಲ್ಲಿ ಹಾಗೇ ಆಯಿತು. ಎರಡೂ ದಂಡೆಗೆ ಬ್ಯಾರಿಕೇಡ್ ಹಾಕಿ ಗಾಡಿ ನಿಲ್ಲಿಸಿದರು. ಅದೇ ನೆರೆಯಲ್ಲಿ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಕೊಂಡ ಪ್ರವಾಸಿಗರನ್ನು ಹೆಲಿಕಾಪ್ಟರ್‌ನಲ್ಲಿ ಎತ್ತಿ ತರಬೇಕಾಯಿತು. ನೀರು ಇಳಿದ ಮೇಲೆ ಸೇತುವೆ ಮತ್ತೆ ಮೇಲೆ ಬಂತು, ಜನ ಮತ್ತೆ ಓಡಾಡಿದರು.

ಈ ಹೊಳೆಗೆ ಸೇತುವೆ ಕಟ್ಟುವುದು ಹೊಸ ವಿಷಯ ಏನಲ್ಲ. ಹಂಪಿಯಲ್ಲಿ ವಿಠ್ಠಲ ದೇವಸ್ಥಾನದಿಂದ ಹೊಳೆ ಕಡೆ ಇಳಿದು, ಪುರಂದರ ಮಂಟಪದ ಹತ್ತಿರ ನಿಂತು ನೋಡ್ರಿ. ನೀರಿನ ನಡುವೆ ಸಾಲಾಗಿ ಕಲ್ಲಿನ ಕಂಬಗಳು. ಅದು ವಿಜಯನಗರ ಕಾಲದ ಸೇತುವೆ. ಮೇಲಿನ ಹಾಸು ಹೋಗಿದೆ, ಎಷ್ಟೋ ಕಂಬ ನಿಂತೇ ಇವೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್ ಮಾತ್ರ ಜನ ಹರಿಗೋಲಿನಲ್ಲಿ ದಾಟುವುದನ್ನೇ ಬರೆದಿಟ್ಟಿದ್ದಾನೆ. ಬುಟ್ಟಿ ಹಂಗ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಒಮ್ಮೆಗೆ ಹದಿನೈದು ಇಪ್ಪತ್ತು ಮಂದಿ, ನೆಟ್ಟಗೆ ಹೋಗದೆ ತಿರುಗುತ್ತಲೇ ಹೋಗುತ್ತದೆ ಅಂತ. ನಾವು ನಡುಗುವ ಸೇತುವೆಗೆ ಹೆದರುತ್ತೇವೆ, ಅವರು ಗಿರಗಿರ ತಿರುಗುವ ಬುಟ್ಟಿಯಲ್ಲಿ ಕೂತು ಸಂತೆಗೆ ಹೋಗಿ ಬಂದರು!

ಮುಂದೆ ಈ ಹೊಳೆ ಗಡಿಯಾಯಿತು. ಈ ಕಡೆ ನಿಜಾಮರ ಹೈದರಾಬಾದ್ ಸಂಸ್ಥಾನ, ಆ ಕಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಎರಡು ಸರ್ಕಾರಗಳ ನಡುವಿನ ನೀರಿಗೆ ಸೇತುವೆ ಹಾಕಲು ಯಾರಿಗೆ ಅವಸರ ಇರ್ತದ? ಆನೆಗೊಂದಿಯವರಂತೂ ಸ್ವಾತಂತ್ರ್ಯ ಬಂದ ಮೇಲೂ ಹರಿಗೋಲನ್ನೇ ನಂಬಿದ್ದರು.

ಕೊನೆಗೆ 1990ರ ದಶಕದಲ್ಲಿ ಆನೆಗೊಂದಿಗೂ ಆಚೆ ದಂಡೆಯ ತಳವಾರಘಟ್ಟಕ್ಕೂ ನಡುವೆ ಸೇತುವೆ ಕೆಲಸ ಶುರುವಾಯಿತು. ಆದರೆ ಹಂಪಿ 1986ರಿಂದಲೇ ವಿಶ್ವ ಪರಂಪರೆಯ ತಾಣ. ಈ ಸೇತುವೆ, ವಿರುಪಾಪುರ ಗಡ್ಡೆಯ ಇನ್ನೊಂದು ಸೇತುವೆ, ಇವೆರಡನ್ನೂ ನೋಡಿ ಯುನೆಸ್ಕೊ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಕೆಲಸ ನಿಂತಿತು. 2006ರಲ್ಲಿ ಪಟ್ಟಿಯಿಂದ ಹೆಸರು ಹೋಯಿತು. ಕೆಲಸ ಮತ್ತೆ ಹಿಡಿದರು. 2009ರ ಜನವರಿ 22ರಂದು, ಇನ್ನೂ ಒಂದು ಬಸ್ಸೂ ಓಡಾಡದ ಆ ಸೇತುವೆ ಕುಸಿದು ಹೊಳೆಗೆ ಬಿತ್ತು. ಮೇಲೆ ಕೆಲಸ ಮಾಡುತ್ತಿದ್ದ ಕೂಲಿಕಾರರು ಸತ್ತರು. ಪರಂಪರೆ ದೊಡ್ಡದೋ ದಾಟುವ ಜನ ದೊಡ್ಡವರೋ ಅಂತ ವರ್ಷಗಟ್ಟಲೆ ವಾದ ನಡೆದಿತ್ತು. ಸತ್ತವರು ಆ ವಾದದಲ್ಲಿ ಯಾವ ಕಡೆಯವರೂ ಅಲ್ಲ.

ನಮ್ಮ ಭಯದ ವಿಚಿತ್ರ ಇಲ್ಲೇ ಇದೆ. ಐನೂರು ವರ್ಷದ ಕಲ್ಲುಕಂಬ ನಿಂತಿದೆ, ಮುಳುಗಿ ಮುಳುಗಿ ಏಳುವ ಕಂಪ್ಲಿ ಸೇತುವೆ ನಿಂತಿದೆ, ಬಿದ್ದದ್ದು ಹೊಸದು. ಹಂಗಂತ ಹಳೆಯದನ್ನು ಕಣ್ಣು ಮುಚ್ಚಿ ನಂಬ್ರಿ ಅಂತ ನಾನು ಹೇಳಲಾರೆ. 2016ರ ಆಗಸ್ಟ್ 2ರ ರಾತ್ರಿ ಮಹಾರಾಷ್ಟ್ರದ ಮಹಾಡ್ ಹತ್ತಿರ ಸಾವಿತ್ರಿ ನದಿಯ ಬ್ರಿಟಿಷ್ ಕಾಲದ ಸೇತುವೆ ನೆರೆಗೆ ಕೊಚ್ಚಿಹೋಯಿತು, ಬಸ್ಸುಗಳೂ ಹೋದವು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಲಾರಿ ನೀರಿಗೆ ಹೋಯಿತು, ಡ್ರೈವರ್ ಬದುಕಿದ. ಮೂರೇ ದಿನಕ್ಕೆ, ಆಗಸ್ಟ್ 10ರ ರಾತ್ರಿ, ನಮ್ಮ ಡ್ಯಾಮಿನ 19ನೇ ಗೇಟಿನ ಚೈನ್ ಕಡಿಯಿತು. 1953ರಲ್ಲಿ ಮುಗಿದ ಡ್ಯಾಮು. 33 ಗೇಟುಗಳಲ್ಲಿ ಒಂದು ಹೋಗಿದ್ದಕ್ಕೆ ಕೆಳಗಿನ ಊರವರೆಲ್ಲ ನಿದ್ದೆ ಬಿಟ್ಟು ಹೊಳೆ ನೋಡುತ್ತ ಕೂತರು.

ಇನ್ನೊಂದು ಮಾತು ತಿಳಿದಿರಲಿ. ಲಾರಿ ಹೋಗುವಾಗ ಸೇತುವೆ ನಡುಗುವುದೇ ಅಪಾಯ ಅಲ್ಲ, ಸ್ವಲ್ಪ ಬಾಗಿ ಮತ್ತೆ ಏಳುವಂತೆಯೇ ಅದನ್ನು ಕಟ್ಟಿರುತ್ತಾರೆ. ದೊಡ್ಡ ಅಪಾಯ ಕಣ್ಣಿಗೆ ಬೀಳುವುದಿಲ್ಲ. ನೆರೆಯ ನೀರು ಕಂಬದ ಬುಡದ ಮಣ್ಣು, ಮರಳನ್ನು ಕೊರೆದು ಒಯ್ಯುತ್ತದೆ, ಮೇಲೆ ರಸ್ತೆ ಮಾತ್ರ ಮೊದಲಿನ ಹಾಗೇ ಇರುತ್ತದೆ. ಅದಕ್ಕೇ ನೀರು ಇಳಿದ ಕೂಡಲೇ ಬ್ಯಾರಿಕೇಡ್ ಸರಿಸಿ ಬೈಕ್ ನುಗ್ಗಿಸುವ ಹುಡುಗರನ್ನು ಕಂಡರೆ ನನಗೆ ಸಿಟ್ಟು. ಪರೀಕ್ಷೆ ಮಾಡುವವರು ಕೆಳಗೆ ಇಳಿದು ಬುಡ ನೋಡಲಿ, ಆಮೇಲೆ ಹೋಗ್ರಿ.

ಈಗ ಬುಕ್ಕಸಾಗರ ಮತ್ತು ಕಡೆಬಾಗಿಲಿನ ನಡುವೆ ಬೇರೆ ಸೇತುವೆ ಇದೆ. ಕಂಪ್ಲಿ ಸೇತುವೆ ಮುಳುಗಿದಾಗ ಅದೇ ಸುತ್ತುದಾರಿ. ಕಂಪ್ಲಿಯಲ್ಲೇ ಎತ್ತರದ ಹೊಸ ಸೇತುವೆ ಬೇಕು ಅಂತ ಕೇಳುವವರು ಇನ್ನೂ ಕೇಳ್ತಾನೇ ಇದ್ದಾರೆ.

ನೀವು ಯಾವ ಸೇತುವೆ ಮೇಲೆ ಉಸಿರು ಬಿಗಿ ಹಿಡೀತೀರಿ? ಊರ ಹೆಸರು ಹಾಕಿ ಬರೀರಿ. ಮುಂದಿನ ಭಾಗ ಹರಿಗೋಲು ನೇಯುವವರ ಬಗ್ಗೆ.

#ಕೊಪ್ಪಳ #ಗಂಗಾವತಿ #ಆನೆಗೊಂದಿ #ತುಂಗಭದ್ರಾ #ನದಿದಾಟಿದಕಥೆ