ಪದಾರ್ಥ: ಡ್ರಕೋನಿಯನ್

ಡ್ರಕೋನಿಯನ್ (ಗುಣವಾಚಕ): ಅತಿ ಕಠೋರವಾದ, ಅಪರಾಧದ ಪ್ರಮಾಣವನ್ನು ಮೀರಿ ದಂಡಿಸುವ. ಕಾಯ್ದೆ, ಸುಗ್ರೀವಾಜ್ಞೆ, ಶಿಕ್ಷೆ ಮೊದಲಾದವುಗಳಿಗೆ ವಿಶೇಷಣವಾಗಿ ಬರುತ್ತದೆ. ಕನ್ನಡ ಪತ್ರಿಕೆಗಳಲ್ಲಿ ಇದಕ್ಕೆ ರೂಢಿಯಲ್ಲಿರುವ ಮಾತು ‘ಕರಾಳ’.

ಕ್ರಿ.ಪೂ. 621ರ ಸುಮಾರಿಗೆ ಗ್ರೀಸಿನ ಅಥೆನ್ಸ್ ನಗರಕ್ಕೆ ಶಾಸನಗಳನ್ನು ರಚಿಸಿಕೊಟ್ಟ ಡ್ರಾಕೊ ಎಂಬಾತನ ಹೆಸರಿನಿಂದ ಈ ಪದ ಹುಟ್ಟಿತು. ಅದುವರೆಗೆ ಶ್ರೀಮಂತ ಮನೆತನಗಳವರ ಬಾಯಲ್ಲಷ್ಟೇ ಇದ್ದ ಕಟ್ಟಳೆ, ಎಲ್ಲರೂ ನೋಡಬಹುದಾದ ಬರಹವಾದದ್ದು ಅವನಿಂದ. ಆದರೆ ಹಣ್ಣು, ಸೊಪ್ಪು ಕದ್ದವನಿಗೂ ಕೊಲೆಗಾರನಿಗೂ ಮರಣವೇ ದಂಡನೆ ಎಂದಿತ್ತೆಂದು ಪ್ಲುಟಾರ್ಕ್ ಬರೆದಿದ್ದಾನೆ. ಆ ಶಾಸನಗಳು ಮಸಿಯಿಂದಲ್ಲ, ರಕ್ತದಿಂದ ಬರೆದವು ಎಂಬ ಮಾತೂ ಅವನಿಂದಲೇ ನಮಗೆ ತಿಳಿದಿರುವುದು. ಕ್ರಿ.ಪೂ. 594ರ ವೇಳೆಗೆ ಸೋಲನ್ ಅವೆಲ್ಲವನ್ನೂ ರದ್ದುಪಡಿಸಿ, ನರಹತ್ಯೆಗೆ ಸಂಬಂಧಿಸಿದ್ದನ್ನು ಮಾತ್ರ ಉಳಿಸಿದನು. ಉಳಿದ ಆ ಕಟ್ಟಳೆಯು ಬೇಕೆಂದು ಮಾಡಿದ ಕೊಲೆಗೂ ಕೈತಪ್ಪಿ ಆದ ಕೊಲೆಗೂ ಭೇದವೆಣಿಸುವಷ್ಟು ವಿವೇಕದ್ದು! ಹೆಸರು ಮಾತ್ರ ಕೆಟ್ಟದ್ದಕ್ಕೇ ನಿಂತಿತು.

‘ಕರಾಳ’ವು ಸಂಸ್ಕೃತ ಶಬ್ದ. ಬಾಯ್ದೆರೆದ, ಕೋರೆಹಲ್ಲು ಚಾಚಿದ, ಭಯಂಕರವಾದ ಎಂದು ಅದರ ಅರ್ಥ. ಭಗವದ್ಗೀತೆಯ 11ನೆಯ ಅಧ್ಯಾಯದಲ್ಲಿ ವಿಶ್ವರೂಪದ ಬಾಯಿಗಳನ್ನು ವರ್ಣಿಸಲು ಬಂದಿರುವುದು ಇದೇ ಪದ. ಅದರಲ್ಲಿ ಕಪ್ಪು ಬಣ್ಣದ ಸೂಚನೆಯಿಲ್ಲ. ಆದರೂ ‘ಕರಿ’ಯ ಉಚ್ಚಾರಕ್ಕೆ ಹತ್ತಿರವಿರುವುದರಿಂದಲೋ ಏನೋ, ಕನ್ನಡದಲ್ಲಿ ‘ಕರಾಳ ದಿನ’ ಎಂಬಂತಹ ಬಳಕೆಯೂ ಬೇರೂರಿದೆ. 1919ರ ರೌಲಟ್ ಕಾಯ್ದೆಯನ್ನು ಕರಾಳ ಶಾಸನ ಎನ್ನುವಾಗ ಎರಡು ಅರ್ಥಗಳೂ ಕೂಡಿಕೊಳ್ಳುತ್ತವೆ.

ನಮ್ಮ ದೇಶದ ಬಳಕೆಯಲ್ಲಿ ಪದದ ಮೊನೆ ಬೇರೆಡೆಗೆ ತಿರುಗಿರುವುದು ಗಮನಾರ್ಹ. ಡ್ರಾಕೊನ ಶಾಸನಕ್ಕೆ ಬಲಿಯಾಗಲು ಸೊಪ್ಪನ್ನಾದರೂ ಕದಿಯಬೇಕಿತ್ತು. 1971ರ ಆಂತರಿಕ ಭದ್ರತಾ ಕಾಯ್ದೆ (ಮೀಸಾ) ಅಷ್ಟನ್ನೂ ಕೇಳಲಿಲ್ಲ. ವಿಚಾರಣೆಯಿಲ್ಲದೆ ಬಂಧನದಲ್ಲಿಡಲು ಅದರಲ್ಲಿ ಅವಕಾಶವಿತ್ತು. 1975ರ ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮುಂತಾದವರನ್ನಿರಿಸಿದ್ದ ಬೆಂಗಳೂರಿನ ಹಳೆಯ ಕೇಂದ್ರ ಕಾರಾಗೃಹವು ಇಂದು ಫ್ರೀಡಂ ಪಾರ್ಕ್. ಮೀಸಾ ಜನತಾ ಸರಕಾರದ ಕಾಲದಲ್ಲಿ ರದ್ದಾಯಿತು. 1985ರ ಟಾಡಾ 1995ರಲ್ಲಿ ಅವಧಿ ಮುಗಿದು ಬಿದ್ದುಹೋಯಿತು. 2002ರ ಪೋಟಾ 2004ರಲ್ಲಿ ರದ್ದಾಯಿತು. ಮೂರಕ್ಕೂ ಈ ವಿಶೇಷಣ ಅಂಟಿತ್ತು.

ಬಳಕೆಯಲ್ಲಿ ಎಚ್ಚರವಿರಲಿ. ಹೆಲ್ಮೆಟ್ ಧರಿಸದವರಿಗೆ ದಂಡ ಹೆಚ್ಚಿಸಿದರೆ ಅದು ಕಠಿಣ ಕ್ರಮವಾದೀತು, ಕರಾಳವಾಗದು. ಬಿಸಿಲು, ಚಳಿ, ಕೋಪಗಳಿಗಂತೂ ಈ ಪದ ಸಲ್ಲದು; ‘ಉಗ್ರ’, ‘ತೀವ್ರ’ ಸಾಕು.