ಕರ್ನಾಟಕ ಕಾಲೇಜ್ ಆಫ್ ಪರ್ಕಷನ್

ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಬೆಂಗಳೂರಿನ ತಾಳವಾದ್ಯ ಶಾಲೆ. ಅದೇ ಹೆಸರಿನ ವಾದ್ಯತಂಡವೂ ಹೌದು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಇದನ್ನು 1964ರಲ್ಲಿ ಸ್ಥಾಪಿಸಿದರು. ಅವರ ಪತ್ನಿ ಆರ್.ಎ. ರಮಾಮಣಿ ತಂಡದ ಗಾಯಕಿ. ಕಛೇರಿಯಲ್ಲಿ ಹಾಡುಗಾರರ ಪಕ್ಕಕ್ಕೆ ಕೂರುವ ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳು ಇಲ್ಲಿ ಮುಂದಿನ ಸಾಲಿಗೆ ಬಂದವು.

ತಂಡಕ್ಕೆ ಯುರೋಪಿನ ನಂಟು ಬೆಳೆದದ್ದು ರಾಕ್ ಕಡೆಯಿಂದ. ಮ್ಯೂನಿಕ್‌ನಲ್ಲಿ 1969ರಲ್ಲಿ ಹುಟ್ಟಿದ 'ಎಂಬ್ರಿಯೊ' ತಂಡ 1978–79ರಲ್ಲಿ ರಸ್ತೆ ಹಿಡಿದು ಭಾರತಕ್ಕೆ ಬಂತು; ಮಣಿ ಅವರ ತಂಡದೊಂದಿಗೆ 'ಲೈಫ್' ಎಂಬ ಧ್ವನಿಮುದ್ರಿಕೆ ಹೊರತಂದಿತು. ಎಂಬ್ರಿಯೊ ಬಿಟ್ಟವರು ಕಟ್ಟಿದ 'ಡಿಸಿಡೆಂಟನ್' ಕೂಡ ತನ್ನ ಮೊದಲ ಆಲ್ಬಂ 'ಜರ್ಮನಿಸ್ತಾನ್'ಗೆ (1982) ಬೆಂಗಳೂರಿನ ಇವರನ್ನೇ ಜೊತೆಗೆ ಸೇರಿಸಿಕೊಂಡಿತು.

ಎಲ್ಲಕ್ಕಿಂತ ಹದವಾಗಿ ಕೂಡಿದ್ದು ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923–2009) ಜೊತೆಗಿನ ಜೋಡಿ. ಮಲೇಷ್ಯಾದಲ್ಲಿದ್ದಾಗ ನಾಗಸ್ವರ ಕಲಿತಿದ್ದ ಅವರು, ಬ್ರಿಟನ್ನಿನ ರಾಕ್ ಡ್ರಮ್ಮರ್ ಜಾನ್ ಹೈಸ್‌ಮನ್ ಮೊದಲಾದ ಹೆಸರಾಂತರು ಒಂದಾಗಿದ್ದ 'ಯುನೈಟೆಡ್ ಜಾಝ್ ಪ್ಲಸ್ ರಾಕ್ ಆನ್ಸಾಂಬಲ್' ಎಂಬ ಮಹಾತಂಡದಲ್ಲೂ ಇದ್ದವರು. 1983ರಲ್ಲಿ ಜರ್ಮನಿಯಲ್ಲಿ ಧ್ವನಿಮುದ್ರಣವಾದ 'ಜ್ಯೋತಿ' ಈ ಜೋಡಿಯ ಮುಖ್ಯ ಆಲ್ಬಂ. ಅದರಲ್ಲಿ ಡ್ರಮ್ ಸೆಟ್ಟಿಲ್ಲ, ಬಾಸ್ ಗಿಟಾರಿಲ್ಲ, ಕೀಬೋರ್ಡಿಲ್ಲ. ಮಣಿ ಮೃದಂಗ, ಆರ್.ಎ. ರಾಜಗೋಪಾಲ್ ಘಟ ಮತ್ತು ಮೋರ್ಸಿಂಗ್, ಟಿ.ಎನ್. ಶಶಿಕುಮಾರ್ ಖಂಜಿರ ನುಡಿಸಿದರು. ರಮಾಮಣಿ ತಂಬೂರಿ ಹಿಡಿದು ಹಾಡಿದರು. ಸ್ಯಾಕ್ಸೊಫೋನ್, ಕೊಳಲು ಮರಿಯಾನೊ ಅವರವು. ಕಛೇರಿಯ ಪಿಟೀಲು ಮಾಡುವಂತೆಯೇ ಸ್ಯಾಕ್ಸೊಫೋನ್ ದನಿಯ ಹಿಂದೆ ನೆರಳಾಗಿ ಸಾಗಿ, ಅವಕಾಶ ಸಿಕ್ಕಲ್ಲಿ ಮನೋಧರ್ಮಕ್ಕೆ ತಿರುಗುತ್ತದೆ.

ಪ್ರೋಗ್ರೆಸಿವ್ ರಾಕ್ ಸಾಹಸವೆಂದು ಮೆರೆಸಿದ ಬೆಸ ಎಣಿಕೆಗಳು ಈ ತಂಡಕ್ಕೆ ಪಾಠಶಾಲೆಯ ಮಾತು. ಎಮರ್ಸನ್, ಲೇಕ್ ಅಂಡ್ ಪಾಮರ್ ತಂಡದ 'ಟಾರ್ಕಸ್' (1971) ಐದರ ಎಣಿಕೆಯಿಂದ ಕೇಳುಗರನ್ನು ಬೆರಗುಗೊಳಿಸಿತು. ಮೃದಂಗದ ವಿದ್ಯಾರ್ಥಿಗೆ ಅದು ಖಂಡಚಾಪು, 'ತಕ ತಕಿಟ'. ಏಳಾದರೆ ಮಿಶ್ರಚಾಪು, 'ತಕಿಟ ತಕದಿಮಿ'. ಇಂಥ ಸೊಲ್ಲುಗಳನ್ನು ಬಾಯಲ್ಲಿ ನುಡಿಯುವ ಕೊನ್ನಕ್ಕೋಲ್ 'ಜ್ಯೋತಿ'ಯಲ್ಲಿ ಸ್ವತಂತ್ರ ವಾದ್ಯವಾಗಿಯೇ ಕೇಳಿಸುತ್ತದೆ. ರಾಜಗೋಪಾಲ್, ಶಶಿಕುಮಾರ್ ಇಬ್ಬರೂ ಅದನ್ನು ನುಡಿದಿದ್ದಾರೆ. ಪುರುಷರದೇ ಎನಿಸಿದ್ದ ಈ ಕಲೆಯಲ್ಲಿ ರಮಾಮಣಿ ಹೆಸರು ಮಾಡಿದ್ದು ವಿಶೇಷ.