ಸಂಧಿವಾತ: ಪಥ್ಯವಿರಲಿ, ಔಷಧ ನಿಲ್ಲದಿರಲಿ

ಚಂದಾಪುರ: ಬೆಳಗ್ಗೆ ಎದ್ದಾಗ ಎರಡೂ ಕೈಗಳ ಬೆರಳ ಗಂಟುಗಳು ಊದಿಕೊಂಡು, ಅರ್ಧ ಗಂಟೆಗೂ ಮಿಗಿಲಾಗಿ ಬಿಗಿದುಕೊಂಡೇ ಇದ್ದರೆ ಅದು ರುಮಟಾಯ್ಡ್ ಸಂಧಿವಾತದ ಸೂಚನೆಯಾಗಿರಬಹುದು. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುವ ಈ ವ್ಯಾಧಿ ಪುರುಷರಿಗಿಂತ ಮಹಿಳೆಯರಲ್ಲಿ 2ರಿಂದ 3 ಪಟ್ಟು ಹೆಚ್ಚು. ಆಯುರ್ವೇದದ ‘ಮಾಧವ ನಿದಾನ’ ವರ್ಣಿಸುವ ಆಮವಾತವು ಇದನ್ನು ಬಹುಮಟ್ಟಿಗೆ ಹೋಲುತ್ತದೆ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಯ ಕಾರ್ಖಾನೆಗಳಲ್ಲಿ ಕೈಕೆಲಸವನ್ನೇ ನಂಬಿದವರಿಗೆ ಇದು ಅನ್ನದ ಪ್ರಶ್ನೆ.

ಆಹಾರ: ಈ ಭಾಗದ ರಾಗಿ ಮುದ್ದೆ, ಸೊಪ್ಪಿನ ಸಾರು ಒಳ್ಳೆಯ ಪಥ್ಯವೇ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದ್ದು, ರೋಗದಿಂದಲೂ ಸ್ಟೀರಾಯ್ಡ್‌ನಿಂದಲೂ ಸವೆಯುವ ಮೂಳೆಗಳಿಗೆ ಆಸರೆಯಾಗುತ್ತದೆ. ಬಂಗುಡೆ, ಬೂತಾಯಿ ಮೀನುಗಳಲ್ಲಿರುವ ಒಮೆಗಾ-3 ಕೊಬ್ಬು ನೋವನ್ನು ತುಸು ತಗ್ಗಿಸಬಲ್ಲದು. ಸಸ್ಯಾಹಾರಿಗಳು ಅಗಸೆ ಬೀಜದ ಚಟ್ನಿಪುಡಿ ಬಳಸಬಹುದು. ಧೂಮಪಾನ ಸಲ್ಲದು.

ಮನೆಮದ್ದು: ಬಿಸಿನೀರಿನ ಶಾಖ ಬಿಗಿತವನ್ನು ಸಡಿಲಿಸುತ್ತದೆ. ಅರಿಶಿನದ ಕರ್ಕ್ಯುಮಿನ್‌ಗೆ ಉರಿಯೂತ ತಗ್ಗಿಸುವ ಗುಣವಿದ್ದರೂ ಅದರ ಪ್ರಮಾಣ ಶೇ. 3ರ ಆಸುಪಾಸು ಮಾತ್ರ. ಒಂದು ಲೋಟ ಅರಿಶಿನದ ಹಾಲು ಔಷಧಕ್ಕೆ ಸಾಟಿಯಲ್ಲ. ಜಿಗಣಿ ಬಳಿಯ ಪ್ರಶಾಂತಿ ಕುಟೀರದಲ್ಲಿ ಯೋಗ ಚಿಕಿತ್ಸೆಯೂ ಲಭ್ಯ.

ಎಚ್ಚರಿಕೆ: ಅಮೃತಬಳ್ಳಿಯಿಂದ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ವೈದ್ಯರು ನೀಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ಸೇವಿಸತಕ್ಕದ್ದು; ದಿನವೂ ನುಂಗಿದರೆ ಪ್ರಾಣಾಪಾಯ. ನೋವು ತಗ್ಗಿತೆಂದು ವೈದ್ಯರನ್ನು ಕೇಳದೆ ಅದನ್ನು ನಿಲ್ಲಿಸಿದರೆ ಕೀಲುಗಳು ಒಳಗೊಳಗೇ ಸವೆಯುತ್ತವೆ. ಒಮ್ಮೆ ಸೊಟ್ಟಗಾದ ಬೆರಳನ್ನು ಯಾವ ಪಥ್ಯವೂ ನೇರವಾಗಿಸದು.